ಯೋಗ ಶುರು ಮಾಡೋದು ಎಲ್ಲಿಂದ? ಮೈ ಬಗ್ಗದವರಿಗೆ, ದಿನಕ್ಕೆ 20 ನಿಮಿಷ ಇರುವವರಿಗೆ

ಹೊಸಚಾಪೆ:
ಆಸನಗಳ ಹೆಸರು ಕೇಳಿ ಗೊತ್ತು. ವಿಡಿಯೋ ಹಾಕಿಕೊಂಡರೆ ಅವರು ಮಾಡಿದ್ದನ್ನು ಒಂದು ಮಟ್ಟಿಗೆ ಮಾಡಲೂ ಬರುತ್ತೆ. ಗೊತ್ತಿಲ್ಲದ್ದು ಕ್ರಮ: ಮೊದಲು ಯಾವುದು, ಎಷ್ಟು ಹೊತ್ತು, ಯಾವುದನ್ನು ಸದ್ಯಕ್ಕೆ ಮುಟ್ಟಲೇಬಾರದು. ವಯಸ್ಸು ನಲವತ್ತು ದಾಟಿದೆ, ಕೂತು ಮಾಡುವ ಕೆಲಸ, ಬೆಳಿಗ್ಗೆ ಎದ್ದ ಕೂಡಲೇ 20 ನಿಮಿಷ ಸಿಗುತ್ತೆ. ನಿಂತು ಮುಂದಕ್ಕೆ ಬಗ್ಗಿದರೆ ಬೆರಳು ಮಂಡಿಯಿಂದ ಒಂದು ಗೇಣು ಕೆಳಗೆ ಹೋಗಿ ನಿಲ್ಲುತ್ತೆ. ಚಕ್ಕಳಮಕ್ಕಳ ಹಾಕಿದರೆ ಮಂಡಿ ಎರಡೂ ಮೇಲಕ್ಕೆ ಎದ್ದು ನಿಲ್ಲುತ್ತವೆ. ಬಿಪಿ, ಶುಗರ್ ಏನೂ ಇಲ್ಲ. ಸೂರ್ಯನಮಸ್ಕಾರದಿಂದಲೇ ಶುರು ಮಾಡಬಹುದಾ? ಪ್ರಾಣಾಯಾಮ ಮೊದಲಾ, ಆಸನ ಮೊದಲಾ? ಯೋಗದಿಂದ ಬದುಕು ಬದಲಾದ ಕಥೆ ಬೇಡ, ಹೇಗೆ ಮಾಡೋದು ಅಂತ ಹೇಳಿದರೆ ಸಾಕು.

ನೇರಬೆನ್ನು:
ಮೊದಲ ನಾಲ್ಕು ವಾರ ಒಂದೇ ಕ್ರಮ ಇಟ್ಟುಕೊಳ್ಳಿ. ದಿನಕ್ಕೊಂದು ಹೊಸ ವಿಡಿಯೋ ಹಾಕಿಕೊಂಡರೆ ನಿನ್ನೆಗೂ ಇವತ್ತಿಗೂ ಮೈಯಲ್ಲಿ ಏನು ವ್ಯತ್ಯಾಸ ಅಂತ ಗೊತ್ತಾಗೋದೇ ಇಲ್ಲ. ವಾರಕ್ಕೆ 5 ದಿನ, 20 ನಿಮಿಷ. ಭಾನುವಾರ ಒಂದೇ ಸಲ ಒಂದೂವರೆ ಗಂಟೆ ಎಳೆಯೋದಕ್ಕಿಂತ ಇದೇ ಮೇಲು.

ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ, 2 ನಿಮಿಷ ಮೂಗಿನಿಂದಲೇ ಉಸಿರಾಡಿ. ಆಮೇಲೆ ಕೈ, ಮಂಡಿ ಊರಿ ಮಾರ್ಜಾಲಾಸನ, 8 ಸುತ್ತು. ಉಸಿರು ತೆಗೆದುಕೊಳ್ಳುತ್ತಾ ಎದೆ ಮುಂದಕ್ಕೆ, ಬಿಡುತ್ತಾ ಬೆನ್ನು ಮೇಲಕ್ಕೆ ಉಬ್ಬಬೇಕು. ಮಣಿಕಟ್ಟು ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ ಇರಲಿ.

ತಾಡಾಸನ 1 ನಿಮಿಷ. ಇದನ್ನು ಸುಮ್ಮನೆ ನಿಲ್ಲೋದು ಅಂದುಕೊಂಡು ಎಲ್ಲರೂ ಹಾರಿಸ್ತಾರೆ. ತೂಕ ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಈ ಮೂರರ ಮೇಲೂ ಬೀಳುತ್ತಿದೆಯಾ ನೋಡಿ. ಮಂಡಿ ಹಿಂದಕ್ಕೆ ಸರಿದು ಬಿಗಿಯುವ ಅಭ್ಯಾಸ ಇದ್ದರೆ ಇಲ್ಲೇ ಹಿಡಿಯಬೇಕು, ತ್ರಿಕೋನಾಸನದಲ್ಲಿ ಅದೇ ತೊಂದರೆ ಕೊಡೋದು.

ತ್ರಿಕೋನಾಸನಕ್ಕೆ ಕಾಲುಗಳ ಅಂತರ ಸುಮಾರು 3 ಅಡಿ, ಎತ್ತರದವರಿಗೆ ಮೂರೂವರೆ. ಬಲಪಾದ ಪೂರ್ತಿ ಹೊರಕ್ಕೆ, ಎಡಪಾದ 15–20 ಡಿಗ್ರಿ ಒಳಕ್ಕೆ. ಮೊದಲು ಮೈಯನ್ನು ಬಲಗಡೆಗೆ ಉದ್ದಕ್ಕೆ ಚಾಚಿ, ಆಮೇಲೆ ಇಳಿಸಿ. ಕೈ ನೆಲ ಮುಟ್ಟಬೇಕಿಲ್ಲ. ಮಂಡಿಯಿಂದ ಕೆಳಗಿನ ಮುಂಗಾಲು, ಬ್ಲಾಕ್ (ಆಸರೆಗೆ ಇಡುವ ಇಟ್ಟಿಗೆ ಆಕಾರದ ತುಂಡು), ಕುರ್ಚಿ ಯಾವುದರ ಮೇಲಾದರೂ ಇಡಿ, ಮಂಡಿ ಕೀಲಿನ ಮೇಲೆ ಮಾತ್ರ ಊರಬೇಡಿ. ನೆಲ ಮುಟ್ಟುವ ಆಸೆಗೆ ಎದೆ ನೆಲದ ಕಡೆ ತಿರುಗಿತು ಅಂದರೆ ಇಳಿದದ್ದು ಜಾಸ್ತಿ ಆಯಿತು. ಪ್ರತಿ ಬದಿ 5 ಉಸಿರು.

ಅದರ ಹಿಂದೆಯೇ ವೀರಭದ್ರಾಸನದ ಎರಡನೇ ಬಗೆ, ಅಂತರ ಇನ್ನರ್ಧ ಅಡಿ ಜಾಸ್ತಿ. ಮಡಚಿದ ಮಂಡಿ ಪಾದದ ಗಂಟಿಗಿಂತ ಮುಂದೆ ಹೋಗಬಾರದು, ಹೆಬ್ಬೆರಳಿನ ಕಡೆಗೆ ಒಳಕ್ಕೂ ಬೀಳಬಾರದು. ಒಳಕ್ಕೆ ಬೀಳೋದೇ ಹೆಚ್ಚು, ಯಾಕಂದರೆ ಸೊಂಟದ ಪಕ್ಕದ ಸ್ನಾಯು ಬೇಗ ಸೋಲುತ್ತೆ. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ದಿಕ್ಕಿಗೇ ಇರಲಿ. ಅದು ಆಗದಿದ್ದರೆ ಮಂಡಿ ಮಡಚೋದನ್ನು ಕಡಿಮೆ ಮಾಡಿ.

ವೃಕ್ಷಾಸನ ಗೋಡೆ ಪಕ್ಕದಲ್ಲಿ. ಎತ್ತಿದ ಪಾದ ಮೀನಖಂಡದ ಮೇಲೋ ಒಳತೊಡೆಯ ಮೇಲೋ ಇರಲಿ, ಮಂಡಿಗೆ ಒತ್ತಿಕೊಂಡಿರಬಾರದು.

ಬೋರಲು ಮಲಗಿ ಭುಜಂಗಾಸನ, 3 ಸಲ. ಹೊಕ್ಕುಳಿನ ಕೆಳಗಿನ ಭಾಗ ನೆಲಕ್ಕೇ ಇದ್ದು, ಮೊಣಕೈ ಮಡಚಿಕೊಂಡೇ ಇರಲಿ. ಮೇಲೆ ಬಂದ ಮೇಲೆ ಅಂಗೈಯನ್ನು ಒಂದು ಕ್ಷಣ ನೆಲದಿಂದ ಎತ್ತಿ ನೋಡಿ. ಎದೆ ಧೊಪ್ಪನೆ ಬಿದ್ದರೆ ಅಷ್ಟು ಹೊತ್ತೂ ಎತ್ತಿದ್ದು ಕೈ, ಬೆನ್ನಲ್ಲ. ಆ ಎತ್ತರ ಸೊಂಟವನ್ನು ಚಿವುಟುತ್ತೆ. ತಿರುಗಿ ಅಂಗಾತ ಮಲಗಿ ಸೇತುಬಂಧಾಸನ (ಮಂಡಿ ಮಡಚಿ, ಪಾದ ಊರಿ ಸೊಂಟ ಮೇಲೆತ್ತುವುದು) 3 ಸಲ, ಹಿಮ್ಮಡಿ ಮಂಡಿಯ ನೇರಕ್ಕೆ. ಮೇಲಿದ್ದಾಗ ಕತ್ತು ಆಚೀಚೆ ತಿರುಗಿಸಲೇಬೇಡಿ.

ಕೊನೆಗೆ ಮಲಗಿದ್ದಂತೆಯೇ ಒಂದು ಪಾದಕ್ಕೆ ಬೆಲ್ಟ್ ಅಥವಾ ಉದ್ದನೆ ಬಟ್ಟೆ ಹಾಕಿ ಕಾಲನ್ನು ಮೇಲಕ್ಕೆ ಚಾಚಿ, ಪ್ರತಿ ಕಾಲಿಗೆ 1 ನಿಮಿಷ. ಮಿಕ್ಕ 4–5 ನಿಮಿಷ ಶವಾಸನ. ಪಶ್ಚಿಮೋತ್ತಾನಾಸನ (ಕೂತು, ಕಾಲು ನೇರ ಚಾಚಿ ಮುಂದಕ್ಕೆ ಬಗ್ಗುವುದು), ಹಲಾಸನ, ಸರ್ವಾಂಗಾಸನ, ಶೀರ್ಷಾಸನ, ಪದ್ಮಾಸನ ಯಾವುದೂ ಈ ನಾಲ್ಕು ವಾರದಲ್ಲಿ ಬೇಡ.

ಮೂಳೆಗಂಟು:
ಪಶ್ಚಿಮೋತ್ತಾನಾಸನ ಬಿಟ್ಟದ್ದು ಸರಿ. ಯಾಕೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಎರಡನೇ ವಾರ ಇವರೇ ಅದಕ್ಕೆ ಕೈ ಹಾಕ್ತಾರೆ.

ತೊಡೆಯ ಹಿಂಭಾಗದ ಸ್ನಾಯು ಶುರುವಾಗೋದು ನಾವು ಕೂರುವ ಮೂಳೆಯಿಂದ, ಮುಗಿಯೋದು ಮಂಡಿಯ ಕೆಳಗೆ. ಅದು ಗಿಡ್ಡವಾಗಿದ್ದರೆ ಕಾಲು ನೇರ ಇಟ್ಟು ಬಗ್ಗಿದಾಗ ಕಟಿಯ ಮೂಳೆಯನ್ನು ಕೆಳಕ್ಕೆ ಹಿಡಿದುಕೊಳ್ಳುತ್ತೆ, ಮುಂದಕ್ಕೆ ಉರುಳಲು ಬಿಡೋದಿಲ್ಲ. ಆದರೂ ಬಗ್ಗಲೇಬೇಕು ಅಂತ ಹಟ ಮಾಡಿದರೆ ಬಗ್ಗುವುದು ಕೆಳಬೆನ್ನು. ಅಲ್ಲಿ ಡಿಸ್ಕ್‌ನ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಮುಂಭಾಗ ಒತ್ತಿ ಹಿಂಭಾಗ ಹಿಗ್ಗುತ್ತೆ. ಮೇಲಿಂದ ಕಾಲಿನ ಬೆರಳು ಹಿಡಿದು ಎಳೆದರೆ ಇನ್ನೂ ಕೆಟ್ಟದ್ದು.

ಎದ್ದ ಕೂಡಲೇ ಮಾಡ್ತೀನಿ ಅಂದಿದ್ದೀರಿ, ಅದೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಅರ್ಧದಿಂದ ಒಂದು ಗಂಟೆ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ದಿನದ ಬೇರೆ ಹೊತ್ತಿಗಿಂತ ಹೆಚ್ಚು. ನಿಂತ ಆಸನ, ಹಿಂದಕ್ಕೆ ಬಾಗುವ ಆಸನಕ್ಕೆ ತೊಂದರೆ ಇಲ್ಲ. ಮುಂದಕ್ಕೆ ಆಳವಾಗಿ ಬಗ್ಗುವುದೆಲ್ಲ ಸಂಜೆಗೆ ಇರಲಿ.

ಮಲಗಿ ಕಾಲು ಎತ್ತುವುದರಲ್ಲಿ ಬೆನ್ನು ನೆಲದ ಮೇಲೇ ಇರುತ್ತೆ, ಎಳೆತ ಸ್ನಾಯುವಿಗೆ ಮಾತ್ರ ಸಿಗುತ್ತೆ. ಎಳೆತ ತೊಡೆಯ ನಡುಭಾಗದಲ್ಲಿ ಕಾಣಬೇಕು. ಕೂರುವ ಮೂಳೆಯ ಹತ್ತಿರ ಒಂದೇ ಬಿಂದುವಿನಲ್ಲಿ ನೋವು ಕಂಡರೆ ಸ್ನಾಯುರಜ್ಜು ಕೆರಳುತ್ತಿದೆ ಅಂತ ಅರ್ಥ. ಆಗ ಮಂಡಿ ಸ್ವಲ್ಪ ಮಡಚಿ, ಎಳೆತ ಅರ್ಧಕ್ಕೆ ಇಳಿಸಿ. ಅದನ್ನು ಎಳೆದೇ ಸರಿ ಮಾಡ್ತೀನಿ ಅಂತ ಹೊರಟವರಿಗೆ ಆ ನೋವು ತಿಂಗಳುಗಟ್ಟಲೆ ಉಳಿಯುತ್ತೆ.

ಬೆವರುಹನಿ:
ನೇರಬೆನ್ನು ಅವರ ಪಟ್ಟಿ ಚೆನ್ನಾಗಿದೆ, ಆದರೆ ಸೂರ್ಯನಮಸ್ಕಾರ ಪೂರ್ತಿ ಬಿಟ್ಟದ್ದು ಅತಿ ಎಚ್ಚರಿಕೆ ಅನಿಸುತ್ತೆ. ಮೈ ಬಿಸಿಯಾಗದೆ ಒಂದೊಂದೇ ಆಸನಕ್ಕೆ ನಿಂತರೆ ಬೆಳಗಿನ ಬಿಗಿತ ಬಿಡೋದೇ ಇಲ್ಲ. ನಿಧಾನಕ್ಕೆ 3 ಸುತ್ತು ಹಾಕಿದರೆ ಏನು ನಷ್ಟ?

ನೇರಬೆನ್ನು:
ಬಿಸಿ ಆಗಬೇಕು ಅನ್ನೋದು ಒಪ್ಪಿದೆ. ಅದಕ್ಕೇ ಮಾರ್ಜಾಲಾಸನ ಇಟ್ಟದ್ದು. ಸಾಲದಿದ್ದರೆ 12 ಸುತ್ತು ಮಾಡಲಿ.

12 ಹಂತದ ಸೂರ್ಯನಮಸ್ಕಾರದಲ್ಲಿ 3 ಮತ್ತು 10ನೇದು ಪಾದಹಸ್ತಾಸನ, ಅಂದರೆ ಮೂಳೆಗಂಟು ಅವರು ಬೇಡ ಅಂದ ಅದೇ ಬಗ್ಗುವಿಕೆ, ಒಂದು ಸುತ್ತಿಗೆ ಎರಡು ಸಲ. 4 ಮತ್ತು 9ರಲ್ಲಿ ಅಶ್ವಸಂಚಾಲನ. 9ರಲ್ಲಿ ಹಿಂದಿನ ಪಾದ ಒಂದೇ ಹೆಜ್ಜೆಗೆ ಎರಡು ಕೈಗಳ ನಡುವೆ ಬರಬೇಕು, ಸೊಂಟ ಬಿಗಿ ಇರುವವರಿಗೆ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತೆ. 6ರಲ್ಲಿ ಮೈಭಾರ ಇಳಿಸುವಾಗ ಭುಜ ಸೋಲುತ್ತೆ. ಬಿಡಿಬಿಡಿಯಾಗಿ ಇವನ್ನು ತಿದ್ದಬಹುದು. ಉಸಿರಿನ ಲಯದಲ್ಲಿ ಓಡುತ್ತಿರುವಾಗ ತಿದ್ದಲು ಸಮಯವೇ ಇರೋದಿಲ್ಲ, ತಪ್ಪೇ ಅಭ್ಯಾಸವಾಗುತ್ತೆ.

ಬೆವರುಹನಿ:
ಪಾದಹಸ್ತಾಸನದಲ್ಲಿ ಮಂಡಿ ಮಡಚಲಿ, ಕೈಯನ್ನು ನೆಲದ ಬದಲು ಕುರ್ಚಿಯ ಮೇಲೆ ಊರಲಿ. ಕುರ್ಚಿ ಗೋಡೆಗೆ ಒತ್ತಿ ಇಟ್ಟಿರಬೇಕು. ಪೂರ್ತಿ ಸುತ್ತನ್ನು ಹೀಗೇ ಮಾಡಬಹುದು. ಸೊಂಟ ಮೇಲೆತ್ತಿ ನಿಲ್ಲುವ ಪರ್ವತಾಸನವೂ (ಅಧೋಮುಖ ಶ್ವಾನಾಸನವೂ ಬಹುತೇಕ ಇದೇ) ಕುರ್ಚಿ ಹಿಡಿದೇ, ಹಿಂದಕ್ಕೆ ಹೆಜ್ಜೆ ಇಡೋದೂ ಹಾಗೇ. ಮಣಿಕಟ್ಟಿನ ಮೇಲೂ ಭಾರ ಕಡಿಮೆ ಬೀಳುತ್ತೆ.

ನೇರಬೆನ್ನು:
ಕುರ್ಚಿ ಹಿಡಿದಾದರೆ ನನ್ನ ತಕರಾರಿಲ್ಲ.

ಕಂಬಳಿಮಡಿಕೆ:
ಕೂರುವ ವಿಷಯ ಯಾರೂ ಎತ್ತಲಿಲ್ಲ. ಮಂಡಿ ಎದ್ದು ನಿಲ್ಲುವುದು ಮಂಡಿಯ ತೊಂದರೆ ಅಲ್ಲ, ಸೊಂಟದ ಕೀಲು ಹೊರಕ್ಕೆ ತಿರುಗದಿರುವುದು. ಕೈಯಿಂದ ಮಂಡಿಯನ್ನು ಕೆಳಕ್ಕೆ ಒತ್ತಬೇಡಿ. ಸೊಂಟ ಕೊಡದ ತಿರುವನ್ನು ಮಂಡಿ ಕೊಡಬೇಕಾಗುತ್ತೆ, ಅದರೊಳಗಿನ ಮೆತ್ತೆಯಂಥ ಮೆನಿಸ್ಕಸ್ ಅದಕ್ಕೆ ಬೆಲೆ ತೆರುತ್ತೆ. ಎಳೆದು ಪದ್ಮಾಸನ ಹಾಕಿದವರ ಮಂಡಿ ಕೆಡೋದು ಹೀಗೆ.

ಮಂಡಿ ಸೊಂಟದ ಮಟ್ಟಕ್ಕೆ ಇಳಿಯುವವರೆಗೆ ಕೂರುವ ಜಾಗವನ್ನೇ ಎತ್ತರಿಸಿ. ಗಟ್ಟಿಯಾಗಿ ಮಡಚಿದ ಕಂಬಳಿ, 10–15 ಸೆಂ.ಮೀ. ಎತ್ತರ. ಮೆತ್ತನೆ ದಿಂಬು ಕೂತ ಕೂಡಲೇ ಕುಸಿಯುತ್ತೆ, ಅದು ಆಗೋದಿಲ್ಲ. ಕಂಬಳಿಯ ನಡುವೆ ಅಲ್ಲ, ಮುಂದಿನ ಅಂಚಿನಲ್ಲಿ ಕೂರಬೇಕು. ಆಗ ಕಟಿ ಮುಂದಕ್ಕೆ ವಾಲಿ ಬೆನ್ನು ತಾನಾಗೇ ನೆಟ್ಟಗಾಗುತ್ತೆ. ಇಷ್ಟಾದರೂ ಮಂಡಿ ಮೇಲಿದ್ದರೆ ಅವುಗಳ ಕೆಳಗೂ ಮಡಚಿದ ಬಟ್ಟೆ ಕೊಡಿ. ಪ್ರಾಣಾಯಾಮಕ್ಕೆ ಕುರ್ಚಿಯಲ್ಲಿ ಕೂತರೂ ನಡೆಯುತ್ತೆ, ಬೆನ್ನು ಒರಗಿಸದೆ, ಪಾದ ಪೂರ್ತಿ ನೆಲಕ್ಕೆ ಊರಿ.

ವಜ್ರಾಸನದಲ್ಲಿ (ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವುದು) ಪಾದದ ಗಂಟು ನೋಯುತ್ತೆ ಅನ್ನುವವರು ಗಂಟಿನ ಕೆಳಗೆ ಟವೆಲ್ ಸುರುಳಿ ಇಡಿ, ಹಿಮ್ಮಡಿಗೂ ಪೃಷ್ಠಕ್ಕೂ ನಡುವೆ ಕಂಬಳಿ ಇಡಿ. ಜೋಮು ಹಿಡಿದರೆ ಸಹಿಸಿಕೊಂಡು ಕೂರುವುದು ಸಾಧನೆ ಅಲ್ಲ, ತಕ್ಷಣ ಕಾಲು ಚಾಚಿ. ಮಂಡಿಯ ಹೊರಬದಿಯಲ್ಲಿ ಚರ್ಮದ ಸ್ವಲ್ಪವೇ ಕೆಳಗೆ ಹಾದುಹೋಗುವ ನರವೊಂದಿದೆ. ಬಹಳ ಹೊತ್ತು ಒತ್ತಿದರೆ ಪಾದ ಮೇಲಕ್ಕೆ ಎತ್ತಲಾಗದ ಸ್ಥಿತಿ ಬರಬಹುದು. ಗಂಟೆಗಟ್ಟಲೆ ವಜ್ರಾಸನದಲ್ಲಿ ಕೂತವರಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ.

ಮ್ಯಾಟ್ ಬಗ್ಗೆ: ದಪ್ಪ 4ರಿಂದ 6 ಮಿ.ಮೀ. ಸಾಕು. 10 ಮಿ.ಮೀ. ಮೆತ್ತನೆಯದ್ದು ಮಂಡಿಗೆ ಹಿತ, ಆದರೆ ಒಂಟಿ ಕಾಲಲ್ಲಿ ನಿಂತಾಗ ಪಾದ ಹೂತು ಅಲ್ಲಾಡುತ್ತೆ. ಮಂಡಿಗೆ ಬೇಕಾದರೆ ಅಲ್ಲಿಗಷ್ಟೇ ಬಟ್ಟೆ ಮಡಚಿ ಹಾಕಿಕೊಳ್ಳಿ. ಹೊಸ ಮ್ಯಾಟ್ ಜಾರುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕಾಲುಚೀಲ ಹಾಕಿಕೊಂಡು ನಿಂತ ಆಸನ ಬೇಡ.

ಉಸಿರುಗೂಡು:
ಪ್ರಾಣಾಯಾಮದ ಪ್ರಶ್ನೆ ಹಾಗೇ ಉಳಿದಿದೆ. ಆಸನ ಮೊದಲು, ಪ್ರಾಣಾಯಾಮ ಆಮೇಲೆ. ಬೆನ್ನು ನೋಯದೆ 5 ನಿಮಿಷ ಕೂರಲಾಗದವರಿಗೆ ಪ್ರಾಣಾಯಾಮದಲ್ಲಿ ಗಮನವೆಲ್ಲ ಬೆನ್ನಿಗೇ ಹೋಗುತ್ತೆ. ಮೊದಲ ಎರಡು ವಾರ ಮಲಗಿ ಉಸಿರನ್ನು ಗಮನಿಸಿದರೆ ಸಾಕು. ಕೆಳಪಕ್ಕೆಲುಬು ಎರಡೂ ಬದಿಗೆ ಹಿಗ್ಗಬೇಕು, ಹೊಟ್ಟೆ ಮೆಲ್ಲಗೆ ಏರಬೇಕು. ಭುಜ ಕಿವಿಯ ಕಡೆ ಏರುತ್ತಿದ್ದರೆ ಬಲವಂತವಾಗಿ ಎಳೆದುಕೊಳ್ಳುತ್ತಿದ್ದೀರಿ.

ಮೂರನೇ ವಾರದಿಂದ ನಾಡಿಶೋಧನ, ಕುಂಭಕ (ಉಸಿರು ಹಿಡಿಯುವುದು) ಇಲ್ಲದೆ. ಬಲಗೈಯ ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳಿನಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ಪೂರಕ (ಉಸಿರು ಒಳಕ್ಕೆ). ಉಂಗುರಬೆರಳಿನಿಂದ ಎಡಹೊಳ್ಳೆ ಮುಚ್ಚಿ ಬಲದಿಂದ ರೇಚಕ (ಉಸಿರು ಹೊರಕ್ಕೆ). ಬಲದಿಂದಲೇ ಪೂರಕ, ಎಡದಿಂದ ರೇಚಕ. ಇದು ಒಂದು ಸುತ್ತು. 4 ಎಣಿಕೆ ಒಳಕ್ಕೆ, 4 ಹೊರಕ್ಕೆ, 6 ಸುತ್ತು. ಅದು ಸಲೀಸಾದರೆ ಹೊರಕ್ಕೆ 6, ಇನ್ನೂ ಮುಂದೆ 8. ಹೊಳ್ಳೆ ಮುಚ್ಚುವಾಗ ಮೂಳೆ ಮುಗಿದು ಮೆತ್ತಗಾಗುವ ಜಾಗದಲ್ಲಿ ಮೆಲ್ಲಗೆ ಒತ್ತಿದರೆ ಸಾಕು, ಮೂಗು ಸೊಟ್ಟಗಾಗುವಷ್ಟು ಬೇಡ. ರೇಚಕ ಮುಗಿದ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆದುಕೊಳ್ಳುವಂತಾದರೆ ಎಣಿಕೆ ನಿಮಗೆ ಉದ್ದವಾಯಿತು, ಒಂದು ಕಡಿಮೆ ಮಾಡಿ. ಮೂಗು ಕಟ್ಟಿದ ದಿನ ಬಿಟ್ಟುಬಿಡಿ.

ಕಪಾಲಭಾತಿಯನ್ನು ಹೊಸಬರಿಗೆ ಮೊದಲ ದಿನವೇ ನೂರು, ಇನ್ನೂರು ಅಂತ ಹೊಡೆಸುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಪ್ರಯತ್ನ ಇರಬೇಕಾದದ್ದು ಹೊರಗೆ ಬಿಡುವುದಕ್ಕೆ ಮಾತ್ರ, ಒಳಕ್ಕೆ ಉಸಿರು ತಾನಾಗಿ ಬರಬೇಕು. ವೇಗಕ್ಕೆ ಬಿದ್ದವರು ಎರಡನ್ನೂ ಬಲವಾಗಿ ಮಾಡ್ತಾರೆ, ಅದು ಭಸ್ತ್ರಿಕಾ ಆಗಿಬಿಡುತ್ತೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಮೆದುಳಿನ ರಕ್ತನಾಳ ಸಂಕುಚಿಸಿ, ತಲೆ ಹಗುರಾಗುತ್ತೆ, ಬೆರಳ ತುದಿ ಜುಮ್ಮೆನ್ನುತ್ತೆ. ಅದನ್ನೇ ಶಕ್ತಿ ಏರಿತು ಅಂದುಕೊಳ್ಳೋರಿದ್ದಾರೆ! ಮಾಡುವುದಾದರೆ ಎರಡು ತಿಂಗಳ ನಂತರ, ಸೆಕೆಂಡಿಗೆ ಒಂದರಂತೆ 20 ಸಲ, ನಡುವೆ ಒಂದು ನಿಮಿಷ ಬಿಡುವು, ಎರಡು ಸುತ್ತು.

ಮೂಳೆಗಂಟು:
ಕಪಾಲಭಾತಿ, ಭಸ್ತ್ರಿಕಾ ಪೂರ್ತಿ ಬೇಡದವರು: ಹತೋಟಿಗೆ ಬಾರದ ಬಿಪಿ, ಹೃದ್ರೋಗ, ಹರ್ನಿಯಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು. ಕೇಳಿದವರಿಗೆ ಇದ್ಯಾವುದೂ ಇಲ್ಲ, ಆದರೆ ಇದನ್ನು ಬೇರೆಯವರೂ ಓದ್ತಾರೆ.

ಅದೇ ಕಾರಣಕ್ಕೆ ಇನ್ನೊಂದಿಷ್ಟು. ಗ್ಲಾಕೋಮಾ ಇದ್ದರೆ ತಲೆ ಕೆಳಗಾಗುವ ಆಸನ ಯಾವುದೂ ಬೇಡ, ಅಧೋಮುಖ ಶ್ವಾನಾಸನದಲ್ಲೂ ಕಣ್ಣಿನ ಒತ್ತಡ ಏರುತ್ತೆ. ಮೂಳೆ ಸವೆತ (ಆಸ್ಟಿಯೊಪೊರೋಸಿಸ್) ಅಂತ ಗೊತ್ತಾಗಿದ್ದರೆ ಬೆನ್ನು ಗೂನು ಮಾಡಿ ಬಗ್ಗುವುದು ಬೇಡ, ಕೊನೆಯವರೆಗೆ ತಿರುಚುವುದೂ ಬೇಡ, ಬೆನ್ನುಮೂಳೆ ಅಲ್ಲೇ ಕುಸಿಯುವ ಅಪಾಯ ಇದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡುವ ಮೊದಲು ವೈದ್ಯರನ್ನು ಕೇಳಿ. ಗರ್ಭಿಣಿಯರು 20 ವಾರ ದಾಟಿದ ಮೇಲೆ ಬಹಳ ಹೊತ್ತು ಅಂಗಾತ ಮಲಗಬಾರದು, ಶವಾಸನ ಎಡಮಗ್ಗುಲಲ್ಲಿ. ಬಗ್ಗಿದಾಗ ನೋವು ಸೊಂಟದಿಂದ ಹೊರಟು ಮಂಡಿ ದಾಟಿ ಕೆಳಗೆ ಇಳಿಯುತ್ತಿದ್ದರೆ ಅದು ನರದ ನೋವು. ಆಸನ ನಿಲ್ಲಿಸಿ, ಮೊದಲು ತೋರಿಸಿ.

ಹೊಸಚಾಪೆ:
ಎಲ್ಲರಿಗೂ ಧನ್ಯವಾದ. ಕುರ್ಚಿ ಹಿಡಿದು ಮಾಡುವುದು, ನೆಲದಲ್ಲಿ ಮಾಡುವುದು ಎರಡನ್ನೂ ನೋಡಿದೆ. ನೆಲದಲ್ಲಿ ಅಧೋಮುಖ ಶ್ವಾನಾಸನಕ್ಕೆ ಹೋದರೆ ಮಣಿಕಟ್ಟಿನಲ್ಲಿ ನೋವು, ಹಿಮ್ಮಡಿ ನೆಲಕ್ಕೆ ತಾಗೋದೇ ಇಲ್ಲ. ಇನ್ನೊಂದು, ಮಾಡಿದ ಮಾರನೇ ದಿನ ತೊಡೆ ನೋವು ಇರುತ್ತೆ. ಮುಂದುವರಿಸಬಹುದಾ?

ಕಂಬಳಿಮಡಿಕೆ:
ಹಿಮ್ಮಡಿ ತಾಗಬೇಕು ಅಂತ ನಿಯಮ ಇಲ್ಲ. ಮೊದಲು ಮಂಡಿ ಚೆನ್ನಾಗಿ ಮಡಚಿ ಸೊಂಟವನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ, ಕೈಯಿಂದ ಸೊಂಟದವರೆಗೆ ಒಂದೇ ಗೆರೆ ಬರಬೇಕು. ಆ ಗೆರೆ ಕೆಡದಷ್ಟು ಮಾತ್ರ ಮಂಡಿ ನೇರ ಮಾಡಿ. ಹಿಮ್ಮಡಿ ತಾಗಿಸಲು ಕೈಯನ್ನೂ ಪಾದವನ್ನೂ ಹತ್ತಿರ ತಂದುಕೊಂಡರೆ ಬೆನ್ನು ಗುಂಡಗಾಗಿ, ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತೆ. ನಿಮ್ಮ ನೋವಿಗೆ ಅದೇ ಕಾರಣ ಇರಬಹುದು.

ಅಂಗೈ ಹೀಗಿಡಿ: ಬೆರಳು ಪೂರ್ತಿ ಅಗಲಿಸಿ, ತೋರುಬೆರಳಿನ ಬುಡ ಮತ್ತು ಹೆಬ್ಬೆರಳಿನ ಬುಡ ನೆಲಕ್ಕೆ ಒತ್ತಿ. ಹೊಸಬರ ಭಾರ ಸಾಮಾನ್ಯವಾಗಿ ಅಂಗೈಯ ಹೊರಅಂಚಿಗೆ, ಕಿರುಬೆರಳಿನ ಕಡೆಗೆ ಜಾರುತ್ತೆ. ಅಂಗೈಯ ಹಿಂಭಾಗದ ಕೆಳಗೆ ಮ್ಯಾಟಿನ ಅಂಚನ್ನು ಎರಡು ಮಡಿಕೆ ಮಾಡಿ ಇಟ್ಟರೆ ಮಣಿಕಟ್ಟು ಮಡಚುವ ಕೋನ ಕಡಿಮೆಯಾಗುತ್ತೆ. ಮೆತ್ತನೆ ಕಾರ್ಪೆಟ್ ಮೇಲೆ ಮಾಡುತ್ತಿದ್ದರೆ ಜಾಗ ಬದಲಿಸಿ, ಅಲ್ಲಿ ಅಂಗೈ ಹೂತು ಕೋನ ಇನ್ನೂ ಜಾಸ್ತಿ ಆಗುತ್ತೆ. ಯಾವುದಕ್ಕೂ ಬಗ್ಗದ ನೋವಾದರೆ ಮೊಣಕೈ ಊರಿ ಮಾಡಿ.

ಮೂಳೆಗಂಟು:
ತೊಡೆ ನೋವು: ಮಾಡಿದ 12ರಿಂದ 24 ಗಂಟೆಯಲ್ಲಿ ಶುರುವಾಗಿ, ಎರಡೂ ಕಾಲಿಗೆ ಒಂದೇ ಥರ, ಸ್ನಾಯುವಿನ ತುಂಬ ಹರಡಿ, ಮೂರು ದಿನದೊಳಗೆ ಇಳಿದರೆ ಅದು ಹೊಸ ಕೆಲಸದ ನೋವು. ವೀರಭದ್ರಾಸನದ ಹೊತ್ತು ಅರ್ಧ ಮಾಡಿ ಮುಂದುವರಿಸಿ. ಆಸನದಲ್ಲಿ ಇರುವಾಗಲೇ ಚುಚ್ಚುವ ನೋವು, ಒಂದೇ ಬದಿಯ ನೋವು, ಕೀಲಿನೊಳಗಿನ ನೋವು, ಊತ, ಜೋಮು ಇದ್ಯಾವುದು ಇದ್ದರೂ ಆ ಆಸನ ಬಿಡಬೇಕು.

ಸಲೀಸಾಗಿ ಬಗ್ಗುವವರಿಗೆ ಅಪಾಯವೇ ಇಲ್ಲ ಅಂದುಕೊಳ್ಳಬೇಡಿ. ಮೊಣಕೈ, ಮಂಡಿ ಹಿಂದಕ್ಕೆ ಬಾಗುವಷ್ಟು ಸಡಿಲ ಇರುವವರಿಗೆ ಎಳೆತ ಗೊತ್ತಾಗೋದೇ ಇಲ್ಲ, ಕೊನೆಗೆ ನೇತಾಡೋದು ಅಸ್ಥಿರಜ್ಜುವಿನ ಮೇಲೆ. ಅವರು ಕೀಲನ್ನು ಒಂದು ಕೂದಲೆಳೆ ಮಡಚಿಕೊಂಡೇ ನಿಂತು ಸ್ನಾಯು ಬಿಗಿಯಬೇಕು.

ಬೆವರುಹನಿ:
ಊಟದ ಲೆಕ್ಕವೂ ಹಾಕಿಬಿಡಿ. ಹೊಟ್ಟೆ ತುಂಬ ಊಟ ಆಗಿದ್ದರೆ 3–4 ಗಂಟೆ, ಲಘುವಾಗಿ ತಿಂದಿದ್ದರೆ ಒಂದೂವರೆ, ಎರಡು ಗಂಟೆ ಬಿಟ್ಟು ಮಾಡಿ.

ತರಗತಿಗೆ ಸೇರುವ ಯೋಚನೆ ಇದ್ದರೆ ಪದ್ಧತಿ ಕೇಳಿ ಸೇರಿ. ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಬ್ಲಾಕ್, ಬೆಲ್ಟ್, ಕುರ್ಚಿ ಬಳಸಿ ಒಂದೊಂದು ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲಿಸ್ತಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಆಸನಗಳ ಸರಣಿ ಮೊದಲೇ ಗೊತ್ತುಮಾಡಿದ್ದು, ಉಸಿರಿಗೆ ಕಟ್ಟಿದ್ದು. ಇಬ್ಬರೂ ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಹತ್ತಿರವೇ ಕಲಿತವರು, ಆದರೂ ಅಭ್ಯಾಸ ಎಷ್ಟು ಬೇರೆ ನೋಡಿ. ನಿಮ್ಮ ಬಿಗಿತಕ್ಕೆ ಮೊದಲನೆಯದೇ ವಾಸಿ. ನನ್ನ ಒಲವು ಎರಡನೆಯದರ ಕಡೆಗಿದ್ದರೂ ಇದನ್ನು ಒಪ್ಪಲೇಬೇಕು. ಯಾವುದಾದರೂ ಸರಿ, ಮೊದಲ ದಿನ ಹಳೆ ಪೆಟ್ಟು, ಕಾಯಿಲೆ ಕೇಳದ ಶಿಕ್ಷಕರ ಹತ್ತಿರ, ಬೆನ್ನ ಮೇಲೆ ಭಾರ ಹಾಕಿ ಬಗ್ಗಿಸುವವರ ಹತ್ತಿರ ನಿಲ್ಲಬೇಡಿ. ಕೋಣೆ ಬಿಸಿ ಮಾಡಿ ಹೇಳಿಕೊಡುವ ಕಡೆ ಇನ್ನೂ ಎಚ್ಚರ, ಶಾಖದಲ್ಲಿ ಮೈ ತನ್ನ ಮಿತಿಗಿಂತ ಹೆಚ್ಚು ಬಗ್ಗಿಬಿಡುತ್ತೆ.

ಹೊಸಚಾಪೆ:
ಕೊನೆಯ ಎರಡು. ಶವಾಸನದಿಂದ ಎದ್ದಾಗ ತಲೆ ತಿರುಗಿದ ಹಾಗಾಗುತ್ತೆ, ಕೆಲವು ದಿನ ನಿದ್ದೆಯೇ ಬಂದುಬಿಡುತ್ತೆ. ಮತ್ತೆ, ಕುರ್ಚಿ ಬಿಟ್ಟು ನೆಲದ ಸೂರ್ಯನಮಸ್ಕಾರಕ್ಕೆ ಯಾವಾಗ ಹೋಗಬಹುದು?

ಉಸಿರುಗೂಡು:
ತಲೆ ತಿರುಗೋದು ನೇರ ಎದ್ದು ಕೂರುವುದರಿಂದ. ಮಂಡಿ ಮಡಚಿ, ಬಲಮಗ್ಗುಲಿಗೆ ಹೊರಳಿ, ಮೂರು ನಾಲ್ಕು ಉಸಿರು ಅಲ್ಲೇ ಇದ್ದು, ಕೈ ಊರಿ ಏಳಿ. ತಲೆ ಕೊನೆಗೆ ಬರಲಿ. ಕೂತು ಅರ್ಧ ನಿಮಿಷ ಆದ ಮೇಲೆ ನಿಲ್ಲಿ. ಹೀಗೆ ಎದ್ದರೂ ದಿನಾ ಹಾಗಾಗುತ್ತಿದ್ದರೆ ಬಿಪಿ ನೋಡಿಸಿ. ನಿದ್ದೆ ಬಂದರೆ ರಾತ್ರಿಯ ನಿದ್ದೆ ಸಾಲುತ್ತಿಲ್ಲ ಅಷ್ಟೇ, ಅಲಾರಾಂ ಇಟ್ಟುಕೊಳ್ಳಿ. ಸೊಂಟ ನೆಲದಿಂದ ಎದ್ದು ಬಿಗಿದಂತಿದ್ದರೆ ಮಂಡಿ ಕೆಳಗೆ ಕಂಬಳಿ ಸುರುಳಿ ಇಡಿ.

ನೇರಬೆನ್ನು:
ವಾರ ಎಣಿಸಬೇಡಿ, ಮೂರು ಪರೀಕ್ಷೆ ಮಾಡಿ. ಕೈ, ಕಾಲಿನ ಬೆರಳು ಊರಿ, ಮೈ ಹಲಗೆಯಂತೆ ನೇರ ಇಟ್ಟು 30 ಸೆಕೆಂಡ್ ನಿಲ್ಲಬೇಕು, ಸೊಂಟ ಜೋತು ಬೀಳಬಾರದು. ಅಧೋಮುಖ ಶ್ವಾನಾಸನದಿಂದ ಒಂದು ಕಾಲನ್ನು ಕೈಗಳ ನಡುವೆ ತರಬೇಕು, ಎರಡು ಹೆಜ್ಜೆಯಲ್ಲಿ ಬಂದರೂ ಸರಿ. ಮಲಗಿ ಬೆಲ್ಟ್ ಹಾಕಿದಾಗ ಮಂಡಿ ನೇರ ಇದ್ದು ಕಾಲು ನೆಲದಿಂದ 70 ಡಿಗ್ರಿಯಷ್ಟಾದರೂ ಏಳಬೇಕು. ಮೂರೂ ಆದರೆ ದಿನಕ್ಕೆ 2 ಸುತ್ತಿನಿಂದ ಶುರು ಮಾಡಿ, ವಾರಕ್ಕೆ ಒಂದರಂತೆ ಏರಿಸಿ. 6ನೇ ಹಂತದಲ್ಲಿ ಮೊದಲು ಮಂಡಿ ಊರಿ, ಆಮೇಲೆ ಎದೆ, ಗಲ್ಲ ಇಳಿಸಿ. ಮೊಣಕೈ ಪಕ್ಕೆಗೆ ಅಂಟಿಕೊಂಡಿರಲಿ. ಇಳಿಯುವಾಗ ಉಸಿರು ಕಟ್ಟಿ ಹಿಡಿಯಬೇಕಾಗಿ ಬಂದರೆ ಆ ದಿನದ ಸುತ್ತು ಅಲ್ಲಿಗೆ ನಿಲ್ಲಿಸಿ, ಲೆಕ್ಕ ಎಷ್ಟಕ್ಕೇ ಬಂದಿರಲಿ.